ಕಬಡ್ಡಿ ಮಕ್ಕಳೂ ನನ್ನ ಊಟದ ಕಾನೂನುಗಳೂ

ಹೆಣ್ಣುಮಕ್ಕಳ ಕಬಡ್ಡಿ ತಂಡ ಕಟ್ಟಿ ನೋಡಿ, ಆಟದ ಸಮಾಚಾರ ಒಂದು ಪಾಲಾದರೆ ಊಟದ ಸಮಾಚಾರ ಮೂರು ಪಾಲು. ಮಳವಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ಆಟದ ಮೇಡಂ. ಮಕ್ಕಳು ಏನು ತಿನ್ನುತ್ತಾರೆ, ಯಾಕೆ ತಿನ್ನುತ್ತಾರೆ, ಯಾಕೆ ಬಿಡುತ್ತಾರೆ ಅನ್ನುವುದು ಇಷ್ಟು ವರ್ಷವಾದರೂ ನನಗೆ ಕುತೂಹಲವೇ. ವರ್ಷಕ್ಕೆ ಒಂದಾದರೂ ಪ್ರಸಂಗ ನಡೆಯುತ್ತದೆ. ಹೆಚ್ಚಿನವು ನಾನೇ ಮಾಡಿಕೊಂಡವು.

ವಡೆ ಬಂದ್

ಜಿಲ್ಲಾ ಪಂದ್ಯಕ್ಕೆ ಮಂಡ್ಯಕ್ಕೆ ಹೋಗುವಾಗ ಮದ್ದೂರಲ್ಲಿ ಬಸ್ಸು ಬದಲಿಸಬೇಕು. ಮೊದಲ ವರ್ಷ ನಾನು ಹೊಸ ಹುರುಪಿನಲ್ಲಿದ್ದೆ. "ಕರಿದದ್ದು ಮುಟ್ಟಿದವರು ಆಟದಿಂದ ಹೊರಗೆ" ಎಂದು ಕಾನೂನು ಮಾಡಿದೆ. ಎಲ್ಲರೂ ತಲೆಯಾಡಿಸಿದರು.

ಮಂಡ್ಯದ ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಈರುಳ್ಳಿ, ಕರಿಬೇವಿನ ಘಮ ಬಂತು. ತಿರುಗಿ ನೋಡಿದರೆ ಹನ್ನೆರಡು ಮಕ್ಕಳೂ ಕಿಟಕಿಯಾಚೆ ಗದ್ದೆ ನೋಡುತ್ತಿದ್ದಾರೆ. "ಯಾರು ವಡೆ ತಿಂತಿರೋದು?" ಅಂದೆ. ಒಬ್ಬರೂ ಉತ್ತರ ಕೊಡಲಿಲ್ಲ. ಬಾಯಿ ಖಾಲಿ ಇದ್ದರಲ್ಲವೇ ಕೊಡುವುದು.

ಮರುವರ್ಷ ಕಾನೂನು ತೆಗೆದೆ. "ಬೇಕಾದವರು ತಿನ್ನಿ, ಸಾಕು ಅನ್ನಿಸಿದಾಗ ನಿಲ್ಲಿಸಿ" ಅಂದೆ. ಆಶ್ಚರ್ಯವೆಂದರೆ ಇಬ್ಬಿಬ್ಬರು ಸೇರಿ ಒಂದೊಂದು ವಡೆ ಹಂಚಿಕೊಂಡು ಕೈ ಒರೆಸಿಕೊಂಡರು.

"ಹೋದ್ಸಲ ಮೂರು ಮೂರು ತಿಂದಿದ್ರಂತಲ್ಲ, ಈಗೇನಾಯ್ತು?" ಎಂದು ಕೇಳಿದೆ.

ಒಬ್ಬಳು ಬೇಸರದಿಂದಲೇ ಹೇಳಿದಳು: "ಈಗ ಅಷ್ಟು ರುಚಿ ಇಲ್ಲ ಬುಡಿ ಮಿಸ್. ನೀವು ಬ್ಯಾಡ ಅಂದಿದ್ರೆ ತಿನ್ಬೋದಿತ್ತು."

ತೂಕದ ಮಾತು

ನಮ್ಮ ವಯಸ್ಸಿನ ಗುಂಪಿನ ಪಂದ್ಯಗಳಿಗೆ ತೂಕದ ಮಿತಿ ಇರುತ್ತದೆ. ಒಂದು ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತೂಕದ ಯಂತ್ರ ಹತ್ತಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದೆ. ಪೂರಿಗಾಲಿಯಿಂದ ಬರುವ ಹುಡುಗಿಯೊಬ್ಬಳಿಗೆ, "ನೀನು ಸ್ವಲ್ಪ ಕಮ್ಮಿ ಆದ್ರೆ ಚೆನ್ನಾಗಿತ್ತು ಕಣಮ್ಮ" ಅಂದೆ. ನಿಜ ಹೇಳಬೇಕೆಂದರೆ ಅವಳು ಮಿತಿಯೊಳಗೇ ಇದ್ದಳು. ಮಾತು ಸುಮ್ಮನೆ ಬಾಯಿಗೆ ಬಂದಿತ್ತು.

ಮೂರನೆಯ ದಿನ ಅಭ್ಯಾಸದ ನಡುವೆ ಅವಳು ಕಣ್ಣು ಕತ್ತಲಿಟ್ಟು ಕುಸಿದು ಕೂತಳು. ಡಾಕ್ಟರಿಗೆ ತೋರಿಸಿದರೆ, "ಹೊಟ್ಟೆ ಖಾಲಿ, ಏನೂ ತಿಂದಿಲ್ಲ" ಅಂದರು. ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟೆ.

ಬಾಗಿಲಲ್ಲೇ ಅವಳ ಅಜ್ಜಿ ನಿಂತಿದ್ದರು. "ಮೂರು ದಿನದಿಂದ ಮುದ್ದೆ ಮುಟ್ಟಿಲ್ಲ ಕಣವ್ವ. ಇಸ್ಕೂಲಲ್ಲಿ ಯಾರೋ ದಪ್ಪ ಅಂದವ್ರಂತೆ. ಯಾರು ಅಂತ ಗೊತ್ತಾಗ್ಲಿ, ಬುಡಾಕಿಲ್ಲ ನಾನು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನೇ ಅಜ್ಜಿ, ತಪ್ಪಾಯ್ತು. ಅವಳು ಸರಿಯಾಗೇ ಅವಳೆ. ಅಂಥ ಮಾತು ಇನ್ನು ಆಡಲ್ಲ" ಅಂದೆ. ಹುಡುಗಿ ತಲೆಯೆತ್ತಿ ನನ್ನನ್ನೇ ನೋಡಿದಳು. ಮಾರನೆಯ ದಿನದಿಂದ ತೂಕದ ಯಂತ್ರ ಬೀರು ಸೇರಿತು. ಪಂದ್ಯಕ್ಕೆ ಬೇಕಾದಾಗ ಮಾತ್ರ ಒಬ್ಬೊಬ್ಬರನ್ನೇ ಕರೆದು ನೋಡುತ್ತೇನೆ.

ಅವತ್ತು ಅಜ್ಜಿ ಬೈಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಇಬ್ಬರಿಗೂ ತಟ್ಟೆ ಹಾಕಿದರು. ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ, "ಅದ್ರ ಮ್ಯಾಕೆ ಬ್ಯಾಡ ಕಣವ್ವ, ನೆಲದ ಮ್ಯಾಲೇ ಕೂತ್ಕೊ. ಕುರ್ಚಿ ತಡೆಯಾಕಿಲ್ಲ" ಅಂದರು.

ಮೂರು ದಿನದಲ್ಲಿ ಮೊದಲ ಸಲ ಹುಡುಗಿ ನಕ್ಕಳು. ಮುದ್ದೆಯನ್ನೂ ಮುರಿದಳು.

ಡಬ್ಬದ ಪುಡಿ

ಇನ್ನೊಬ್ಬಳ ಅಪ್ಪ ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಮಗಳಿಗೆ ಶಕ್ತಿ ಬರಲಿ ಎಂದು ಯಾರದೋ ಮಾತು ಕೇಳಿ ದೊಡ್ಡ ಡಬ್ಬದ ಪುಡಿ ತಂದಿದ್ದರು. "ಇದ್ರಲ್ಲಿ ಏನೈತೆ, ಒಸಿ ಓದಿ ಏಳಿ ಮಿಸ್" ಎಂದು ಡಬ್ಬ ಮುಂದಿಟ್ಟರು.

ಓದಿದೆ. "ಹಾಲಿಂದಾನೇ ಮಾಡಿರೋದು. ಒಂದು ಲೋಟ ನೀರಿಗೆ ಎರಡು ಚಮಚ ಹಾಕ್ಕೊಂಡು ಕುಡೀಬೇಕಂತೆ. ನಿಮ್ಮ ಮನೇಲೇ ಹಾಲೈತೆ, ಮೊಟ್ಟೆ, ಕಾಳು ಅವೆ. ಇವಳಿಗೆ ಅಷ್ಟು ಸಾಕು" ಅಂದೆ.

ಅವರು ಡಬ್ಬ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಅಲ್ಲ ಮಿಸ್, ನಾನು ಆಲಿಗೆ ನೀರು ಆಕುದ್ರೆ ಡೈರೀಲಿ ವಾಪಸ್ ಕಳಿಸ್ತಾರೆ. ಇವ್ರು ನೋಡುದ್ರೆ ಡಬ್ಬದ ಮ್ಯಾಲೇ ನೀರು ಆಕಿ ಅಂತ ಬರ್ದವ್ರಲ್ಲ."

ತೇಗು

ಕಳೆದ ವರ್ಷ ಬಸರಾಳು ಕಡೆಯ ಒಂದು ಹಳ್ಳಿಯಲ್ಲಿ ಪಂದ್ಯಾವಳಿ. ಫೈನಲ್ ಮೂರು ಗಂಟೆಗೆ, ಊರಿನವರ ಊಟ ಒಂದು ಗಂಟೆಗೆ. ಮುದ್ದೆ, ನಾಟಿಕೋಳಿ ಸಾರು. ಅಷ್ಟು ಹೊತ್ತಿಗೆ ನಾನು ತಿನ್ನಿ ಅನ್ನುವುದನ್ನೂ ಬಿಟ್ಟಿದ್ದೆ, ತಿನ್ನಬೇಡಿ ಅನ್ನುವುದನ್ನೂ ಬಿಟ್ಟಿದ್ದೆ. "ಆಟ ಮೂರಕ್ಕೆ. ನಿಮ್ಮ ಹೊಟ್ಟೆ ನಿಮಗೇ ಗೊತ್ತು" ಅಂದೆ.

"ಗೊತ್ತು ಮಿಸ್" ಎಂದು ನಮ್ಮ ಕ್ಯಾಪ್ಟನ್ ಎರಡನೆಯ ಮುದ್ದೆ ಹಾಕಿಸಿಕೊಂಡಳು.

ಕೊನೆಯ ರೈಡಿನ ಹೊತ್ತಿಗೆ ಎರಡೂ ಕಡೆ ಸಮ. ಕ್ಯಾಪ್ಟನ್ನೇ ಹೋದಳು. ಕಬಡ್ಡಿ ಕಬಡ್ಡಿ ಎನ್ನುತ್ತಾ ಒಬ್ಬಳನ್ನು ಮುಟ್ಟಿ ಹಿಂದಕ್ಕೆ ತಿರುಗಿದಳು. ಗೆರೆಗೆ ಇನ್ನೆರಡು ಹೆಜ್ಜೆ ಇರುವಾಗ ಒಂದು ತೇಗು ಬಂತು. ಮೈದಾನದ ಆಚೆ ಬದಿಗೂ ಕೇಳಿಸಿತು. ರೆಫರಿ ಸೀಟಿ ಊದಿದರು. "ಉಸಿರು ತುಂಡಾಯ್ತು, ಔಟ್."

"ತೇಗುದ್ರೆ ಉಸ್ರು ಈಚೆಗೆ ತಾನೇ ಬರಾದು ಸಾ? ಒಳಕ್ಕೆ ಎಳ್ಕಂಡಿಲ್ಲ ನಾನು" ಅಂದಳು ಅವಳು.

ರೆಫರಿ ಸರ್ಕಾರಿ ಶಾಲೆಯ ಮೇಷ್ಟ್ರು, ನ್ಯಾಯಸ್ಥ ಮನುಷ್ಯ. ನಿಯಮದ ಪುಸ್ತಕ ತೆಗೆದು ನೋಡಿದರು. ತೇಗಿನ ವಿಚಾರ ಅದರಲ್ಲಿರಲಿಲ್ಲ. ಇಡೀ ಊರು ಸುತ್ತ ಸೇರಿ ತಾನೂ ಒಂದೊಂದು ಸಲ ತೇಗಿ ನೋಡತೊಡಗಿತು. ಕೊನೆಗೆ ರೆಫರಿ, "ಎಲ್ಲಿ, ಇನ್ನೊಂದ್ಸಲ ತೇಗು, ನೋಡ್ತೀನಿ" ಅಂದರು.

"ಬೇಕಂದಾಗ ಬರಾಕಿಲ್ಲ ಸಾ."

ಗುಂಪಿನಿಂದ, ಅವತ್ತು ಊಟಕ್ಕೆ ಅಡಿಗೆ ಮಾಡಿದ್ದ ಯಜಮಾನರು ಕೂಗಿದರು: "ತಡೀರಿ ಸಾ, ಇನ್ನೊಂದು ಮುದ್ದೆ ಇಕ್ತೀನಿ. ಬತ್ತದೆ."

ತೀರ್ಮಾನ ಆಗದೆ ರೆಫರಿ ಮತ್ತೆ ರೈಡ್ ಮಾಡಿಸಿದರು. ಈ ಸಲ ಅವಳು ಸಿಕ್ಕಿಬಿದ್ದಳು. ಒಂದು ಪಾಯಿಂಟಿಗೆ ಸೋತೆವು. ತಾನು ಉಂಡದ್ದರಿಂದಲೇ ಸೋತೆವೇನೋ ಎಂದು ಅವಳು ಮೂಲೆಯಲ್ಲಿ ಮುಖ ಸಣ್ಣದು ಮಾಡಿ ನಿಂತಿದ್ದಳು. ಹಸಿದವಳಿಗೆ ಊಟ ತಪ್ಪಲ್ಲ ಎಂದು ಹೇಳಲು ನಾನು ಹೊರಟೆ. ಅಷ್ಟರಲ್ಲಿ ಅಡಿಗೆಯ ಯಜಮಾನರೇ ಸೌಟು ಹಿಡಿದು ಅವಳ ಮುಂದೆ ನಿಂತಿದ್ದರು.

"ಯಾಕವ್ವ ಸಪ್ಪಗಿದ್ದೀಯ? ಮೂವತ್ತು ವರ್ಸದಿಂದ ಅಡ್ಗೆ ಮಾಡ್ತಾ ಇವ್ನಿ. ಚೆಂದಾಗಿತ್ತು ಅಂತ ಬಾಯ್ಮಾತ್ಗೆ ಅನ್ನೋರೇ ಎಲ್ಲಾ. ನನ್ನ ಸಾರು ಚೆಂದಾಗೈತೆ ಅಂತ ಸರ್ಕಾರಿ ಮನುಸ ಸೀಟಿ ಊದಿ ಏಳಿದ್ದು ಇವತ್ತೇ."