ನಿಂತೇ ಕಲಿಸುವ ಮಾವ, ಪಾಟಿ ಒರೆಸದ ಅತ್ತೆ

ನನ್ನ ಸೋದರಮಾವ ಕುಳಿತದ್ದನ್ನು ನಾನು ನೋಡಿರುವುದು ಒಂದೇ ಸಲ. ಅದೂ ಬಸ್ಸಿನಲ್ಲಿ. ಉಳಿದಂತೆ ಅವರು ನಿಂತೇ ಚಹಾ ಕುಡಿಯುವವರು, ಅಡ್ಡಾಡುತ್ತಲೇ ರೊಟ್ಟಿ ಮುರಿಯುವವರು, ನಿದ್ದೆಯಲ್ಲೂ ಕಾಲು ಆಡಿಸುವವರು. "ನಿಮ್ಮ ಮಾವನ ಅಂಗಾಲಾಗ ಕೆಂಡ ಅದಾವ" ಎನ್ನುತ್ತಾರೆ ಅತ್ತೆ. ಇಂಥವರನ್ನು ಸರ್ಕಾರ ಮೇಷ್ಟ್ರು ಮಾಡಿದರೆ ಏನಾಗಬೇಡ?

ಸರ್ಕಾರ ಮಾಡಿತು ಎನ್ನುವುದೂ ಪೂರ್ತಿ ಸರಿಯಲ್ಲ, ಅವರಾಗಿಯೇ ಮೈಮೇಲೆ ಎಳೆದುಕೊಂಡರು. ಓದು ಬರಹ ಬಾರದ ದೊಡ್ಡವರಿಗೆ ಅಕ್ಷರ, ಲೆಕ್ಕ ಕಲಿಸಬೇಕೆಂದು ದಿಲ್ಲಿಯಿಂದ ಇಡೀ ದೇಶಕ್ಕೊಂದು ಯೋಜನೆ ಬಂತಲ್ಲ, ಅದರ ಸುದ್ದಿ ಕುಷ್ಟಗಿ ಮುಟ್ಟಿದ ದಿನವೇ ಮಾವ ಸ್ವಯಂಸೇವಕರಾಗಿ ಹೆಸರು ಹಚ್ಚಿ ಬಂದರು. ಸಂಬಳವಿಲ್ಲ, ಕುರ್ಚಿಯಿಲ್ಲ. ಕುರ್ಚಿ ಕೊಟ್ಟಿದ್ದರೂ ದಂಡವೇ ಆಗುತ್ತಿತ್ತು ಬಿಡಿ. ಅಂದಿನಿಂದ ಬಸ್ ನಿಲ್ದಾಣದಲ್ಲಿ ಯಾರಾದರೂ ಇವರನ್ನು, "ಯಜಮಾನ್ರ, ಈ ಬಸ್ಸು ಯಾವೂರಿಗೆ ಹೋಗತೈತ್ರಿ?" ಎಂದು ಕೇಳಿದರೆ ಮುಗಿಯಿತು. "ಬೋರ್ಡು ಐತಲ್ಲ, ಓದ್ರಿ. ಬಾಯಿ ಬಿಟ್ಟು ಓದ್ರಿ" ಎಂದು ಹಟ ಹಿಡಿಯುತ್ತಾರೆ. ಪಾಪ, ಕೇಳಿದವರು ಮೊದಲೆರಡು ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ಊರು ದಾಟಿರುತ್ತದೆ. "ಅಕ್ಷರ ಸಿಕ್ಕಿತಲ್ಲ, ಬಸ್ಸು ಮತ್ತ ಬರತೈತಿ" ಎಂದು ಮಾವನೇ ಸಮಾಧಾನವನ್ನೂ ಹೇಳುತ್ತಾರೆ.

ಯಲಬುರ್ಗಾದಲ್ಲಿ ನಮ್ಮ ಬಳಗದ ಒಂದು ಮದುವೆ. ಕಲ್ಯಾಣ ಮಂಟಪದ ಬಾಗಿಲಿಗೆ ಮಾವ ಅಡ್ಡ ನಿಂತು, ಗಂಡು ಹೆಣ್ಣಿನ ಹೆಸರಿನ ಬೋರ್ಡು ಓದಿದವರಿಗಷ್ಟೇ ಊಟ ಎಂದು ಸಾರಿದರು. ರುಮಾಲು ಸುತ್ತಿದ ಅಜ್ಜನೊಬ್ಬ ಬೆವರು ಒರೆಸಿಕೊಳ್ಳುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೊನೆಗೂ ಓದಿ ಮುಗಿಸಿದ. ಮಾವನ ಮುಖ ಸಣ್ಣದಾಯಿತು. ಅಜ್ಜ ಓದಿದ ಎರಡು ಹೆಸರೂ ನಮ್ಮವರದಲ್ಲ! ನಮ್ಮ ಮದುವೆ ಪಕ್ಕದ ಓಣಿಯಲ್ಲಿ ನಡೆಯುತ್ತಿತ್ತು. ಊರಿಗೆಲ್ಲ ಬೋರ್ಡು ಓದಿಸುವ ಅವಸರದಲ್ಲಿ ಮಾವ ತಾವು ಮಾತ್ರ ಅದನ್ನು ಓದಿರಲಿಲ್ಲ.

ಇಷ್ಟೆಲ್ಲ ಗಡಿಬಿಡಿಗೆ ಕಾರಣವೊಂದಿತ್ತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಹಿಂದೊಮ್ಮೆ ಮಾವ ಕೊಪ್ಪಳದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬಟ್ಟೆ ತರಲೆಂದು ಅತ್ತೆ ಒಬ್ಬರೇ ಕುಷ್ಟಗಿಗೆ ಹೊರಟು, ಗಂಗಾವತಿಯ ಬಸ್ಸು ಹತ್ತಿಬಿಟ್ಟರು. ಕಿಟಕಿಯಾಚೆ ಜೋಳದ ಹೊಲದ ಬದಲು ಭತ್ತದ ಗದ್ದೆ ಕಂಡಾಗಲೇ ಬೇರೆ ಬಸ್ಸು ಹತ್ತಿದ್ದು ತಿಳಿದದ್ದು. ಯಾರನ್ನಾದರೂ ಕೇಳಲು ನಾಚಿಕೆ. ಗಂಗಾವತಿ ನಿಲ್ದಾಣದಲ್ಲಿ ಸಂಜೆಯ ತನಕ ಸುಮ್ಮನೆ ಕುಳಿತಿದ್ದರಂತೆ. "ನಾ ಇಲ್ಲದ ದಿನ ಈಕಿಗೆ ಬೋರ್ಡು ಓದಿ ಹೇಳೋರು ಯಾರು?" ಎಂದು ಮಾವ ಒಮ್ಮೆ ನನ್ನೆದುರು ಅಂದರು. ಅಂದವರು ನನ್ನ ಉತ್ತರಕ್ಕೂ ಕಾಯದೆ ಹೊರಗೆ ನಡೆದರು.

ಹೀಗಾಗಿ ಪ್ರಯೋಗವೆಲ್ಲ ಅತ್ತೆಯ ಮೇಲೆಯೇ. ಅತ್ತೆಯ ಮೊಬೈಲಿನಲ್ಲಿ ಬಾಣಂತಿ ಮಗಳ ನಂಬರಿಗೆ ಗುಲಾಬಿಯ ಚಿತ್ರ, ದನದ ಡಾಕ್ಟರ ನಂಬರಿಗೆ ಎಮ್ಮೆಯ ಚಿತ್ರ ಇತ್ತು. ಒಂದು ಬೆಳಿಗ್ಗೆ ಮಾವ ಚಿತ್ರಗಳನ್ನೆಲ್ಲ ತೆಗೆದು, "ಇನ್ನ ಹೆಸರು ಓದಿ ಫೋನ್ ಹಚ್ಚು" ಅಂದರು. ಅತ್ತೆ ಹಚ್ಚಿದರು. ಗಂಡಸಿನ ದನಿ ಕೇಳಿ ಅಳಿಯನೇ ಎಂದುಕೊಂಡು, "ಆಕಿಗೆ ಹಾಲು ಕಡಿಮಿ ಆಗ್ಯಾವಂತಲ್ರಿ" ಅಂದರು. ಆ ಕಡೆಯಿಂದ ಉತ್ತರ ಬಂತು: "ಹಿಂಡಿ ಹೆಚ್ಚು ಹಾಕ್ರಿ. ಒಂದೇ ಕಡೆ ಕಟ್ಟಬ್ಯಾಡ್ರಿ." ಅತ್ತೆ ಭಾಳ ದಿನ ಅಳಿಯನ ಮೇಲೆ ಮುನಿಸಿಕೊಂಡಿದ್ದರು.

ಆದರೂ ಕಲಿತರು. ಅಕ್ಷರ ಬಂದವು, ಅಂಕಿ ಬಂದವು, ಗಡಿಯಾರ ನೋಡಿ ವೇಳೆ ಹೇಳುವುದೂ ಬಂತು. ಮೇಷ್ಟ್ರ ತಲೆ ತಿರುಗಿದ್ದು ಗಂಡನ ಹೆಸರು ಬರೆಸಿದ ದಿನ. ನಮ್ಮ ಕಡೆ ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಬರೆಯಬಾರದೆಂದು ಮಾತ್ರ ಯಾರೂ ಹೇಳಿಲ್ಲವಲ್ಲ! ಅತ್ತೆ ಪಾಟಿಯ ಮೇಲೆ ದುಂಡಗೆ ಬರೆದರು.

"ಛಲೋ ಆತು. ಒರಸು, ಮತ್ತ ಬರಿ."

ಅತ್ತೆ ಪಾಟಿಯನ್ನು ಎದೆಗೆ ಅವಚಿಕೊಂಡರು. "ಒರಸಂಗಿಲ್ರಿ. ಗಂಡನ ಹೆಸರು ಯಾರರ ತಮ್ಮ ಕೈಯಾರೆ ಅಳಸ್ತಾರೇನು?"

ಕಲಿಯಲು ಬಂದಿದ್ದ ಓಣಿಯ ಹೆಂಗಸರೂ ತಮ್ಮ ತಮ್ಮ ಪಾಟಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಪಾಠ ಮುಂದೆ ಸಾಗಬೇಕಾದರೆ ಎಲ್ಲರಿಗೂ ಹೊಸ ಪಾಟಿ ಬೇಕು! ಮಾವ ಅಂಗಡಿಗೆ ಓಡಿದರು. ಅತ್ತೆಯ ಆ ಪಾಟಿ ಈಗ ಗೋಡೆಯ ದೇವರ ಮಾಡದಲ್ಲಿದೆ, ದಿನಾ ಕುಂಕುಮ ಹಚ್ಚಿಸಿಕೊಂಡು. ಬದುಕಿರುವಾಗಲೇ ದೇವರ ಸಾಲಿಗೆ ಸೇರಿದವರು ನಮ್ಮ ಬಳಗದಲ್ಲಿ ಮಾವ ಒಬ್ಬರೇ.

ಪರೀಕ್ಷೆ ಬಂತು. ಕುಷ್ಟಗಿಯಲ್ಲಿ ಮುಂದಿನ ತಿಂಗಳಿತ್ತು. ಅಲ್ಲಿಯ ತನಕ ಕಾಯುವುದು ಮಾವನಿಂದ ಆದೀತೆ? ಕೊಪ್ಪಳದಲ್ಲಿ ಮೊದಲು ನಡೆಯುತ್ತದೆಂದು ಹೇಗೋ ಕಾಡಿ ಬೇಡಿ ಅಲ್ಲಿಗೇ ಅತ್ತೆಯ ಹೆಸರು ಹಚ್ಚಿದರು. ಕೊಪ್ಪಳದಲ್ಲೇ ಇರುವ ನಾನೂ ಹೋದೆ. ಅತ್ತೆ ಒಳಗೆ ಬರೆಯುತ್ತಿದ್ದರೆ ಮಾವ ಶಾಲೆಯ ಅಂಗಳ ಸುತ್ತಿ ಸುತ್ತಿ, ಕಿಟಕಿಯಲ್ಲಿ ಇಣುಕಿ ಬೈಸಿಕೊಂಡು, ಮತ್ತೆ ಸುತ್ತಿದರು. ವೇಳೆ ಮುಗಿದು ಎಲ್ಲರೂ ಬರಿಗೈಯಲ್ಲಿ ಹೊರಬಂದರು. ಅತ್ತೆಯ ಕೈಯಲ್ಲಿ ಮಾತ್ರ ಉತ್ತರ ಪತ್ರಿಕೆ ಇತ್ತು.

"ಯಾಕ, ಬರಿಲಿಲ್ಲೇನು?" ಮಾವ ಓಡಿ ಬಂದು ಕೇಳಿದರು.

"ಎಲ್ಲಾ ಬರದೇನ್ರಿ. ಮೊದಲಿಗೇ ಗಂಡನ ಹೆಸರು ಬರೀರಿ ಅಂತಿತ್ತು, ಅದನ್ನೂ ಬರದೆ. ಆಮ್ಯಾಲ ನೋಡಿದ್ರ ಆ ಮೇಡಮ್ಮಾರ ಕೈಯಾಗ ಕೆಂಪು ಪೆನ್ನು. ನಿಮ್ಮ ಹೆಸರಿನ ಮ್ಯಾಲ ಕೆಂಪು ಗೀಟು ಎಳದ್ರ ಏನ್ ಮಾಡ್ಲಿ? ಕೊಡಲಿಲ್ಲ."

ಮಾವ ಕೂಗಾಡುತ್ತಾರೆ ಎಂದುಕೊಂಡೆ. ಆದರೆ ಅವರು ತಲೆ ತಗ್ಗಿಸಿಕೊಂಡು ನಿಲ್ದಾಣದ ಕಡೆ ನಡೆದರು, ನಾವು ಹಿಂದೆ. ಅಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು, ಜನ ಮುಗಿಬಿದ್ದಿದ್ದರು. ಮಾವ ತಲೆ ಎತ್ತದೆ ಒಂದರ ಮೆಟ್ಟಿಲಿಗೆ ಕಾಲಿಟ್ಟರು.

"ಅದನ್ಯಾಕ ಹತ್ತತೀರಿ? ಅದು ಗಂಗಾವತಿದು" ಅಂದರು ಅತ್ತೆ. "ಬೋರ್ಡು ಓದ್ರಿ."

ಅಂದವರೇ ಮಾವನ ಹೆಗಲ ಮೇಲಿನ ಟವೆಲ್ ಎಳೆದು, ಕುಷ್ಟಗಿ ಬಸ್ಸಿನ ಕಿಟಕಿಯಿಂದ ಒಳಗೆ ಒಗೆದು ಸೀಟು ಹಿಡಿದರು. ನೂಕುನುಗ್ಗಲಿನಲ್ಲಿ ಮಾವನ ಕೈ ಹಿಡಿದು ಹತ್ತಿಸಿದರು. "ಕುಂದರ್ರಿ ಇನ್ನ" ಅಂದರು.

ಮಾವ ಕುಳಿತರು. ಕಾಲು ಕೂಡ ಆಡಿಸಲಿಲ್ಲ. ಕೆಳಗೆ ನಿಂತ ನನಗೆ ಕಣ್ಣು ತುಂಬಿ ಬಂತು. ಬಸ್ಸು ಹೊರಡುವಾಗ ಅವರು ಕಿಟಕಿಗೆ ಬಾಗಿ, ಅತ್ತೆಗೆ ಕೇಳದಂತೆ ಹೇಳಿದರು: "ಇನ್ನ ನನಗ ಅಂಜಿಕಿಲ್ಲ ನೋಡಪಾ."

ಅತ್ತೆ ಅವರ ಪಕ್ಕದಲ್ಲಿ, ಉತ್ತರ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯಾಚೆಯ ಬೋರ್ಡುಗಳನ್ನು ಓದುತ್ತಿದ್ದರು.