ಕಪ್ಪು ವೆಲ್ವೆಟ್ಟಿನ ಮೇಲೆ ಕಂಪನಿಯ ಸಾಹೇಬರು

ಚಿತ್ರ ಬರೆಯುವವರ ಮನೆಯಲ್ಲಿ ಬಣ್ಣಕ್ಕಿಂತ ಪ್ರಸಂಗಗಳೇ ಹೆಚ್ಚು ಚೆಲ್ಲುತ್ತವೆ. ನಾನು ಬರೆಯುವುದು ಕಪ್ಪು ವೆಲ್ವೆಟ್ ಮೇಲೆ, ಅಂದರೆ ಮುಟ್ಟಿದರೆ ಬೆಕ್ಕಿನ ಮೈಯಂತೆ ಮೆತ್ತಗಿರುತ್ತದಲ್ಲ, ಆ ಬಟ್ಟೆಯ ಮೇಲೆ. ಟಾಲಿಗಂಜಿನ ನಮ್ಮ ಮನೆಯಲ್ಲಿ ರೈಲ್ವೆ ನೌಕರಿಯ ನಮ್ಮ ಯಜಮಾನರು, ಮೈಸೂರಿನ ಅತ್ತೆ ಮತ್ತು ನಾನು, ಮೂವರೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಗೊಂದಲವಾಗುವುದಿಲ್ಲ.

ಆಗ ನಗರದಂಚಿನ ಸೆಕ್ಟರ್ ಫೈವ್ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದವು. ಪಕ್ಕದ ಮನೆಯ ಬಂಗಾಳಿ ಹುಡುಗಿ ಅಂಥದ್ದೊಂದರಲ್ಲಿ ಕೆಲಸಕ್ಕಿದ್ದಳು. ಹೊಸ ಆಫೀಸಿನ ಗೋಡೆಗೆ ಮಾಲೀಕರ ಚಿತ್ರ ಬರೆಯುವ ಕೆಲಸವನ್ನು ಅವಳೇ ನನಗೆ ಕೊಡಿಸಿದಳು. ಸಾಹೇಬರು ಒಪ್ಪಿದರೆ ನನ್ನ ಚಿತ್ರ ಮೊದಲ ಸಲ ನಮ್ಮ ಮನೆಯ ಗೋಡೆ ಬಿಟ್ಟು ಹೊರಗೆ ತೂಗಲಿತ್ತು.

೧. ಅಳತೆ

ಅತ್ತೆಯ ಜೊತೆ ಎಸ್ಪ್ಲನೇಡಿನ ಬಟ್ಟೆ ಅಂಗಡಿಗೆ ಹೋಗಿ, "ಕಪ್ಪು ವೆಲ್ವೆಟ್ ಕೊಡಿ, ಒಬ್ಬ ಸಾಹೇಬರಿಗೆ" ಅಂದೆ.

"ಸಾಹೇಬರ ಎದೆಯಳತೆ?" ಅಂಗಡಿಯವನು ಕೇಳಿದ.

"ಹೊಲಿಸೋಕಲ್ಲ. ಅದರ ಮೇಲೆ ಅವರ ಮುಖ ಬರೀತೀನಿ."

ಅವನು ಕತ್ತರಿ ಕೆಳಗಿಟ್ಟ. "ಸಾಹೇಬರಿಗೆ ಗೊತ್ತಾ?"

ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು: "ಒಳ್ಳೇ ಬ್ಲೌಸ್ ಆಗ್ತಿತ್ತು ಕಣೇ. ಮುಖ ಕಾಗದದ ಮೇಲೂ ಬರತ್ತೆ."

೨. ಕೂದಲು

ಈ ಚಿತ್ರಕಲೆಯಲ್ಲಿ ಬೆಳಕನ್ನಷ್ಟೇ ಬರೆಯಬೇಕು. ಕಪ್ಪನ್ನು ಬಟ್ಟೆಯೇ ಕೊಡುತ್ತದೆ. ಬೋಳು ತಲೆಗೆ ಬಣ್ಣ ಬೇಕು, ಕೂದಲಿಗೆ ಬೇಡ. ಸಾಹೇಬರ ತಲೆ ಬಹುಪಾಲು ಬೋಳು.

ಹಣೆಯವರೆಗೆ ಬಂದಿದ್ದೆ. ಪಕ್ಕದ ಮನೆಯ ಹುಡುಗಿ ಇಣುಕಿದಳು. ನಾನು ಅವಳಿಗೆ ಕಾಕಿಮಾ, ಅಂದರೆ ಚಿಕ್ಕಮ್ಮ. "ಕಾಕಿಮಾ, ಸರ್‌ಗೆ ಸ್ವಲ್ಪ ಕೂದಲು ಹಾಕ್ಬಿಡಿ. ತುಂಬಾ ಹೊತ್ತು ಬೇಕಾ?"

"ಆಯ್ತು ನೋಡು" ಎಂದು ಕುಂಚ ಕೆಳಗಿಟ್ಟೆ.

ಪೇಪರ್ ಓದುತ್ತಿದ್ದ ಯಜಮಾನರು ತಮ್ಮ ಬೋಳು ತಲೆ ಸವರಿಕೊಂಡರು. "ನನ್ನ ಚಿತ್ರ ಬರೆದ್ರೂ ಹೀಗೇ ಏನೂ ಮಾಡದೇ ಬಿಡು."

೩. ಹಾರ

ಚೌಕಟ್ಟು ಹಾಕಿಸಿದ ಚಿತ್ರವನ್ನು ನಡುಮನೆಯ ಕುರ್ಚಿಯ ಮೇಲೆ ನಿಲ್ಲಿಸಿದ್ದೆ. ಸಾಹೇಬರೇ ನೋಡಲು ಬರುತ್ತಾರೆಂದು ಫೋನ್ ಬಂತು. ಬಂದವರ ಬಾಯಿ ಸಿಹಿ ಮಾಡಬೇಕಲ್ಲ, ಅತ್ತೆಗೂ ಹೇಳದೆ ಸಂದೇಶ್ ಮಿಠಾಯಿ ತರಲು ಓಡಿದೆ. ಮರಳಿದಾಗ ಚಿತ್ರಕ್ಕೆ ಲೇಕ್ ಮಾರ್ಕೆಟ್ಟಿನ ಮಲ್ಲಿಗೆ ಹಾರ ಬಿದ್ದಿತ್ತು! ಮುಂದೆ ದೀಪ. ಅದರ ಮುಂದೆ, ಬೂಟು ಬಿಚ್ಚಿ, ಕೈಕಟ್ಟಿ ನಿಂತ ಸಾಹೇಬರು. ಅತ್ತೆ ತಮ್ಮ ಹರಕು ಹಿಂದಿಯಲ್ಲಿ ಸಮಾಧಾನ ಹೇಳುತ್ತಿದ್ದರು.

"ನಿಮ್ಮ ತಮ್ಮನಾ? ಮುಖ ಹಾಗೇ ಇದೆ. ಎಷ್ಟು ಕೂದಲಿತ್ತು, ಪಾಪ!"

"ಅಯ್ಯೋ ಅತ್ತೆ, ಏನಿದು?" ಎಂದೆ ಕನ್ನಡದಲ್ಲಿ.

"ಇನ್ನೇನು ಮತ್ತೆ? ಸುತ್ತ ಕಗ್ಗತ್ತಲು, ಮಧ್ಯೆ ಮುಖ ಒಂದೇ ಬೆಳಗ್ತಿದೆ. ಹೋದವರು ಅಂದ್ಕೊಂಡೆ. ಚಿತ್ರದಲ್ಲಾದ್ರೂ ಮನೆಗೆ ಬಂದವರನ್ನ ಬರೀ ಕೊರಳಲ್ಲಿ ಕೂರಿಸೋಕಾಗತ್ತಾ?"

"ಮಾಶಿಮಾ," ಅತ್ತೆಯನ್ನು ದೊಡ್ಡಮ್ಮ ಅನ್ನುವಂತೆ ಕರೆದು ಸಾಹೇಬರು ಮೆಲ್ಲಗೆ ಹೇಳಿದರು, "ಅದು ನಾನೇ."

ಅತ್ತೆ ಚಿತ್ರ ನೋಡಿದರು, ಅವರನ್ನು ನೋಡಿದರು. ನನ್ನ ಮೊದಲ ಕೆಲಸ ಅಲ್ಲಿಗೆ ಮುಗಿಯಿತೆಂದು ನಾನು ಸಂದೇಶ್ ಡಬ್ಬಿ ಅವುಚಿಕೊಂಡೆ. ಅತ್ತೆ ಮಾತ್ರ ಚಿತ್ರದ ಹಾರ ತೆಗೆದು, "ಸ್ವಲ್ಪ ಬಗ್ಗಿ" ಎಂದರು. ಸಾಹೇಬರು ಬಗ್ಗಿದರು. ಹಾರವನ್ನು ಅವರ ಕೊರಳಿಗೇ ಹಾಕಿ, "ಇರೋರಿಗೂ ಹಾಕ್ತಾರಪ್ಪ. ನೂರು ವರ್ಷ ಬಾಳಿ" ಎಂದು ಹರಸಿದರು.

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಂದೇಶ್ ತಿಂದು, ಚಿತ್ರವನ್ನು ತಾವೇ ಎತ್ತಿಕೊಂಡು ಹೊರಟರು.

ಸಂಜೆ ಪಕ್ಕದ ಮನೆಯ ಹುಡುಗಿ ಓಡಿ ಬಂದಳು. "ಕಾಕಿಮಾ, ಸರ್ ಹಾರ ಹಾಕ್ಕೊಂಡೇ ಆಫೀಸಿಗೆ ಬಂದ್ರು! ಅಮೆರಿಕದ ದೊಡ್ಡ ಪ್ರಾಜೆಕ್ಟ್ ಸಿಕ್ಕಿರಬೇಕು ಅಂತ ನಾವೆಲ್ಲ ಎದ್ದು ಚಪ್ಪಾಳೆ ಹೊಡೆದ್ವಿ. 'ಏನು ವಿಶೇಷ ಸರ್?' ಅಂತ ಕೇಳಿದ್ರೆ, ನಿಮ್ಮ ಚಿತ್ರಾನ ಗೋಡೆಗೆ ಹಾಕಿಸ್ತಾ, 'ಬದುಕಿದ್ದೀನಲ್ಲ, ಅದಕ್ಕೇ' ಅಂದ್ರು!"