ಎಂಟು ಹಾಡಿನ ಪಟ್ಟಾಪಟ್ಟಿ ಸೀರೆ

ಮುಂಬಯಿವಾಸಿಗಳೂ, ‘ಝಟಕಾ ಝೋನ್’ ಎಂಬ ಕ್ಯಾಸೆಟ್ಟಿನ ಕರ್ತೃಗಳೂ, ಕರೆಂಟಿನಿಂದ ನಡೆಯುವ ಸಕಲ ವಾದ್ಯಗಳ ವಿಶಾರದರೂ ಆದ ಡಿಜೆ ತೂಫಾನ್ ಅವರಿಗೆ, ಇಳಕಲ್ಲಿನ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕುಳಿತವನ ನಮಸ್ಕಾರಗಳು.

ಮಾನ್ಯರೇ,

ಒಂದು ವರ್ಷದಿಂದ ಮುಚ್ಚಿಟ್ಟ ಮಾತೊಂದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕಳೆದ ದೀಪಾವಳಿಯ ಮುಂದೆ ನಾನು ನೇಯ್ದ ಸೀರೆ ಕೆಟ್ಟದ್ದು ನೂಲಿಗೆ ಬಣ್ಣ ಹಾಕಿದ ಯಾಕೂಬಸಾಬರಿಂದಲ್ಲ. ನನ್ನ ಕಿವಿಯಲ್ಲಿದ್ದ ತಮ್ಮಿಂದ.

ತಮ್ಮ ಕ್ಯಾಸೆಟ್ಟನ್ನು ನಾನು ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಎದುರು ಕೊಂಡೆ. ಸಾಲೆಯಲ್ಲಿ ಒಂದು ಪುಸ್ತಕವನ್ನೂ ಎರಡನೆಯ ಸಲ ಓದದ ನಾನು ತಮ್ಮ ಎಂಟು ಹಾಡುಗಳನ್ನು ವಾಕ್‌ಮನ್‌ನಲ್ಲಿ ಐದು ದಿನ ಮಗ್ಗದ ಮೇಲೆ ಕೇಳಿದ್ದೇನೆಂದರೆ, ಅಷ್ಟು ಗಮನವಿಟ್ಟು ಕೇಳಿದ ವಿಮರ್ಶಕ ತಮಗೆ ಮುಂಬಯಿಯಲ್ಲೂ ಸಿಗಲಾರ. ಮೊದಲನೆಯ ಹಾಡಿನಲ್ಲಿ ಡ್ರಮ್ಮು ಬರುತ್ತದೆ, ಬರುತ್ತದೆ ಎಂದು ಮೂರು ನಿಮಿಷ ಕಾಯಿಸಿ, ಕಡೆಗೆ ಅದನ್ನು ತರದೆ ಹಾಡನ್ನೇ ಮುಗಿಸಿದ ತಮ್ಮ ಧೈರ್ಯ, ಕರೆಂಟು ಬರುತ್ತದೆಂದು ಕಾಯಿಸುವ ನಮ್ಮ ಲೈನ್‌ಮನ್‌ನಿಗೂ ಇಲ್ಲ. ಮೂರನೆಯದರಲ್ಲಿ ಆ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸಿದ್ದೀರಿ. ಆರನೆಯದು ನಾಲ್ಕನೆಯದೇ, ನಡುವೆ ಒಬ್ಬ ಹೆಣ್ಣುಮಗಳು ಉಸಿರು ಬಿಡುತ್ತಾಳೆ, ಅಷ್ಟೇ. ಆದರೆ ಏಳನೆಯದರಲ್ಲಿ, ಎಲ್ಲ ಸದ್ದು ನಿಂತು ಒಂದೇ ಒಂದು ಟಿಕ್ ಟಿಕ್ ಉಳಿಯುವಲ್ಲಿ, ನನ್ನ ಲಾಳಿಯೂ ಕೈಯಲ್ಲೇ ನಿಂತಿತ್ತು. ಇದು ಅಣಕವಲ್ಲ, ಖರೆ ಹೇಳುತ್ತಿದ್ದೇನೆ.

ತೊಂದರೆ ಇಷ್ಟೇ: ನೇಕಾರನ ಕೈಕಾಲು ಕಿವಿಯ ಮಾತು ಕೇಳುತ್ತವೆ. ಮೂರನೆಯ ಹಾಡಿಗೆ ನಾನು ಪ್ರತಿ ಎಳೆಗೂ ಎರಡು ಪೆಟ್ಟು ಬಡಿದೆ, ನಿಧಾನದ ಐದನೆಯದಕ್ಕೆ ಅರ್ಧ ಪೆಟ್ಟು. ಬಿಗಿಯಾದಲ್ಲಿ ಬಣ್ಣ ಕಪ್ಪಿಟ್ಟಿತು, ಸಡಿಲವಾದಲ್ಲಿ ಬಿಳಿಚಿತು. ಎರಡೆರಡು ಬೆರಳಿಗೆ ಒಂದೊಂದು ಪಟ್ಟಿ. ವಾಕ್‌ಮನ್‌ನ ಸೆಲ್ಲು ಇಳಿದು ತಮ್ಮ ಧ್ವನಿ ಎಮ್ಮೆಯ ಧ್ವನಿಯಾದಲ್ಲಂತೂ ಸೀರೆ ಹಿಟ್ಟಿನ ಜರಡಿಯಾಗಿತ್ತು.

ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರ ಅಂದಾನಪ್ಪನವರು ಅದನ್ನು ಬಿಚ್ಚಿ, “ಇದೇನ್ಲೇ ಯಮನೂರ್ಯಾ, ಸೀರಿ ನೇಯಂದ್ರ ಪಟ್ಟಾಪಟ್ಟಿ ಚಣ್ಣಾ ನೇಯ್ದೀಯಲ್ಲೋ” ಎಂದರು. ನಾನು “ಬಣ್ಣಾ ಹಿಡದಿಲ್ರಿ ಸಾವಕಾರ್ರ” ಎಂದೆ. ಮೂರೇ ಶಬ್ದ. ಮರುದಿನದಿಂದ ಯಾಕೂಬಸಾಬರಿಗೆ ಬಣ್ಣಕ್ಕೆ ನೂಲು ಹೋಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವರು ಮಗಳು ಜುಲೇಖಾಳ ಮನೆಗೆ, ಕಲಾದಗಿಗೆ ಹೋದರು. ಒಂದು ಕೆಂಪಿನಲ್ಲಿ ಹನ್ನೊಂದು ಕೆಂಪು ಕಾಣುತ್ತಿದ್ದ ಮನುಷ್ಯ ಅಲ್ಲಿ ಚಿಕ್ಕು ಆರಿಸುತ್ತಿದ್ದಾರಂತೆ. ಎಲ್ಲ ಒಂದೇ ಬಣ್ಣ.

ಮೊನ್ನೆ ಸಾಹುಕಾರರು ಮಾರಾಟವಾಗದ ಆ ಸೀರೆಯನ್ನು ನಮ್ಮವ್ವ ಚಂದ್ರವ್ವನಿಗೆ ಕೊಟ್ಟು ಕಳಿಸಿದರು. ಅವ್ವ ಉಡುವ ಮುಂದೆ ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದಳು. “ಬಣ್ಣಾ ಹಿಂಗ ಲೆಕ್ಕಾ ಹಾಕ್ಕೊಂಡು ತಪ್ಪೂದಿಲ್ಲಪಾ, ಇದು ಕೈ ತಪ್ಪು. ಇಲ್ಲೆ ನಾಯಿ ಬೆನ್ನ ಹತ್ತಿತ್ತೇನು ನಿನಗ?” ಅದು ಮೂರನೆಯ ಹಾಡು. “ಇಲ್ಲೆ ಜ್ವರಾ ಬಂದಿದ್ವೇನು?” ಅದು ಐದನೆಯದು. ತಮ್ಮ ಹೆಸರನ್ನೇ ಕೇಳದ ಹೆಂಗಸು ತಮ್ಮ ಆಲ್ಬಮ್ಮನ್ನು ಹಾಡು ಹಾಡಾಗಿ ಬೆರಳಿನಲ್ಲಿ ಕೇಳಿದಳು. ಬಳಿಕ ನನ್ನ ಮುಖ ನೋಡಿ, “ಪಾಪ, ಆ ಮುದುಕನ್ನ ಕಳದ್ಯಲ್ಲೋ” ಎಂದಳು.

ಆದ್ದರಿಂದ ತಮ್ಮಲ್ಲಿ ವಿನಂತಿ: ಮುಂದಿನ ಕ್ಯಾಸೆಟ್ಟನ್ನು ಆರು ಗಜಕ್ಕೆ ಒಂದೇ ವೇಗದಲ್ಲಿಟ್ಟು, ಸೆರಗಿಗೆ ಮಾತ್ರ ಬೇಕಾದಂತೆ ಕುಣಿಸಬೇಕು, ಕ್ಯಾಸೆಟ್ಟಿನ ಜೊತೆ ಒಂದು ಡಜನ್ ಸೆಲ್ಲು ಕೊಡಬೇಕು, ಸಾಧ್ಯವಾದರೆ ಖುದ್ದಾಗಿ ಬಂದು, ಸುಳ್ಳು ಹೇಳಿದ್ದು ತಮ್ಮ ಡ್ರಮ್ಮೇ ಹೊರತು ಯಮನೂರಪ್ಪನಲ್ಲ ಎಂದು ಊರಿಗೆ ಸಾರಬೇಕು. ಕೊನೆಯದು ತಮ್ಮಿಂದಾಗದು. ಡ್ರಮ್ಮು ತಾನು ಬಡಿದಷ್ಟೇ ಬಡಿಯಿತು. ಆ ಮೂರು ಶಬ್ದ ನನ್ನವು. ಹಾಗೆಂದು ಇಂದು ಅಂದಾನಪ್ಪನವರ ಮುಂದೆ ಹೇಳಿದೆ. ಅವರು ಬಹಳ ಹೊತ್ತು ಬೈದು, ಕೊನೆಗೆ, “ನನಗೇನ್ ಹೇಳ್ತೀ? ಆ ಯಾಕೂಬಗ ಹೇಳು ಹೋಗು. ಬಂದ್ರ ಕರ್ಕೊಂಡ್ ಬಾ” ಎಂದರು.

ಆರನೆಯ ಹಾಡನ್ನು ಬಿಟ್ಟು ಉಳಿದೆಲ್ಲಕ್ಕೂ ತಮ್ಮ ವಿಶ್ವಾಸಿ,
ಯಮನೂರಪ್ಪ
ಒಂಬತ್ತನೆಯ ಇಯತ್ತೆ, ಅರ್ಧ
ಇಳಕಲ್ಲ

ತಾ.ಕ.: ಸೀರೆಯಲ್ಲಿ ಒಂದು ಗೇಣು ಮಾತ್ರ ಕನ್ನಡಿಯಂತಿದೆ. ಅವ್ವ ಅಲ್ಲಿ ಬೆರಳು ನಿಲ್ಲಿಸಿ, “ಇಷ್ಟು ಖರೆ ನೇಯ್ದೀ ನೋಡು” ಎಂದಳು. ಅದು ಸೆಲ್ಲು ಪೂರ್ತಿ ಸತ್ತು, ಸೆಲ್ಲಿನ ಅಂಗಡಿಯೂ ಮುಚ್ಚಿದ್ದ ಹೊತ್ತಿನದ್ದು. ತಮ್ಮ ಅತ್ಯುತ್ತಮ ಹಾಡೆಂದು ದಯವಿಟ್ಟು ಸ್ವೀಕರಿಸಬೇಕು. ಆ ಸೀರೆಯನ್ನು ಚೀಲದಲ್ಲಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಕಲಾದಗಿಗೆ ಹೋಗುತ್ತಿದ್ದೇನೆ.